ಅರ್ಧ ಸುತ್ತು ಜಾಸ್ತಿ

ನನ್ನ ಬಲಗೈಗೆ ಒಂದು ಚಟವಿದೆ. ಬಸ್ಸಿಗೆ ಕಾಯುವಾಗ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ, ಯಾರಾದರೂ ತಮ್ಮ ಮಗನ ಮದುವೆಯ ಸುದ್ದಿಯನ್ನು ಉದ್ದಕ್ಕೆ ಹೇಳುವಾಗ, ಅದು ನನ್ನನ್ನು ಕೇಳದೆಯೇ ಅಂಗಿಯ ಎಡಜೇಬಿಗೆ ಹೋಗಿ ತಡಕಾಡುತ್ತದೆ. ಅಲ್ಲಿ ಒಂದು ಪೆನ್ನು ಮಾತ್ರ ಇರುತ್ತದೆ. ಕೈ ಪೆನ್ನನ್ನು ಮುಟ್ಟಿ, ಇದಲ್ಲ ಎಂದು ತಿಳಿದು, ಸಪ್ಪಗೆ ಹಿಂದಕ್ಕೆ ಬರುತ್ತದೆ. ಮೊದಲ ಸಲ ಇದನ್ನು ಗಮನಿಸಿದ ನನ್ನ ಹೆಂಡತಿ, “ಎದಿ ನೋಯಾಕತ್ತೈತೇನ್ರಿ?” ಎಂದು ಗಾಬರಿಯಾಗಿ ನನ್ನನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ಯಂತ್ರ ಹಚ್ಚಿ ನೋಡಿ, ಎದೆ ಸರಿಯಾಗಿದೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ ಎಂದರು. ಎದೆಯ ವಿಷಯದಲ್ಲಿ ಅವರು ಹೇಳಿದ್ದನ್ನು ನಾನು ಪೂರ್ತಿ ನಂಬಿಲ್ಲ.

ಆ ಜೇಬಿನಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಒಂದು ಪುಟ್ಟ ಸ್ಕ್ರೂಡ್ರೈವರ್ ಇತ್ತು. ಹಳದಿ ಹಿಡಿ, ಅಕ್ಕಿಕಾಳಿನಷ್ಟು ತುದಿ. ಅವ್ವನ ಜೊತೆ ರೊಟ್ಟಿಯ ಹಂಚು ಕೊಳ್ಳಲು ಬೇಗಂ ಬಜಾರಿಗೆ ಹೋದಾಗ, ಅವಳು ಹಂಚಿನ ಬೆನ್ನನ್ನು ಬೆರಳಿನಿಂದ ಬಾರಿಸಿ ಬಾರಿಸಿ ಪರೀಕ್ಷೆ ಮಾಡುತ್ತಿದ್ದ ಹೊತ್ತಿನಲ್ಲಿ ನಾನು ಪಕ್ಕದ ಅಂಗಡಿಯಲ್ಲಿ ಅದನ್ನು ಕೊಂಡೆ. ಬೇರೆ ಹುಡುಗರು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುತ್ತಿದ್ದ ವಯಸ್ಸು. ನನ್ನ ಕೂದಲಿನ ಮೇಲೆ ನನಗೆ ಅಷ್ಟು ಭರವಸೆ ಇರಲಿಲ್ಲ. ನಿಂತ ಗಡಿಯಾರ, ಕರಕರ ಅನ್ನುವ ರೇಡಿಯೋ, ರೆಕ್ಕೆ ಬಗ್ಗಿದ ಫ್ಯಾನು ಏನೇ ಇದ್ದರೂ “ಸೀನನ್ನ ಕರೀರಿ” ಅನ್ನಬೇಕು, ನಾನು ಜೇಬಿನಿಂದ ಅದನ್ನು ತೆಗೆಯಬೇಕು, ಸುತ್ತ ನಾಲ್ಕು ಜನ ನಿಂತು ನೋಡಬೇಕು. ನನ್ನ ಜೀವನದ ಮಹತ್ವಾಕಾಂಕ್ಷೆ ಅಷ್ಟೇ ಇತ್ತು. ಅದು ಈಡೇರಿದ್ದೇ ಮುಂದಿನ ಅನಾಹುತಕ್ಕೆಲ್ಲ ಕಾರಣ.

ನಮ್ಮಪ್ಪ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಜ್ಜನ ಕಾಲಕ್ಕೇ ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಬೇರುಬಿಟ್ಟ ಮನೆ. ಹೊಸ್ತಿಲು ದಾಟಿದರೆ ತೆಲುಗು, ಬೀದಿ ದಾಟಿದರೆ ಹಿಂದಿ, ಒಳಗೆ ಅವ್ವನ ಕನ್ನಡ. ಒಂದು ವರ್ಷ ಜನವರಿಯ ಪ್ರದರ್ಶನದಲ್ಲಿ ಅಪ್ಪ ಒಂದು ಟೂ-ಇನ್-ವನ್ ಕೊಂಡು ತಂದರು. ರೇಡಿಯೋ ಮತ್ತು ಟೇಪು ಎರಡೂ ಒಂದರಲ್ಲೇ. ತಂದದ್ದು ಸುದ್ದಿ ಕೇಳಲು. ಆದರೆ ಎರಡೇ ದಿನದಲ್ಲಿ ಅದು ಅಡುಗೆಮನೆಯ ಕಟ್ಟೆ ಸೇರಿತು. ಬೆಳಿಗ್ಗೆ ಅವ್ವ ಒಂದು ದಾಸರ ಪದಗಳ ಕ್ಯಾಸೆಟ್ ಹಾಕಿಕೊಂಡು ಜೋಳದ ರೊಟ್ಟಿ ಬಡಿಯಲು ಕೂಡುವಳು. ಹಾಡು ಮುಗಿಯುವುದರೊಳಗೆ ರೊಟ್ಟಿ ಮುಗಿಯಬೇಕು, ರೊಟ್ಟಿ ಮುಗಿಯುವುದರೊಳಗೆ ಅಪ್ಪನ ಸ್ನಾನ ಮುಗಿಯಬೇಕು. ಮನೆಯ ಗಡಿಯಾರ ಗೋಡೆಯ ಮೇಲಿತ್ತಾದರೂ ನಡೆಯುತ್ತಿದ್ದದ್ದು ಆ ಕ್ಯಾಸೆಟ್ಟಿನ ಪ್ರಕಾರ.

ಎರಡು ವರ್ಷಕ್ಕೆ ಟೇಪಿನ ರಬ್ಬರ್ ಬೆಲ್ಟು ಸಡಿಲಾಯಿತು. ಹಾಡು ಎಳೆಯತೊಡಗಿತು.

“ಇದ್ಯಾಕೋ ಹಿಂಗ ಎಳೀತೈತಿ? ಆ ಹಾಡವರಿಗೆ ನಿದ್ದಿ ಬಂದೈತೇನು?” ಎಂದಳು ಅವ್ವ.

ಕರೆ ಬಂದಂತಾಯಿತು. ಹಿಂಬದಿಯ ಮುಚ್ಚಳ ಬಿಚ್ಚಿದೆ. ಒಳಗಿನ ಮೋಟಾರು ಒಂದು ಸಣ್ಣ ಡಬ್ಬಿ. ಅದರ ಬೆನ್ನಲ್ಲಿ ಒಂದು ತೂತು. ತೂತಿನೊಳಗೆ ವೇಗ ಹೆಚ್ಚು ಕಡಿಮೆ ಮಾಡುವ ಸ್ಕ್ರೂ. ಬೆಲ್ಟು ಬದಲಿಸಬೇಕಾದವನು ಸ್ಕ್ರೂ ತಿರುಗಿಸಲು ಕೂತೆ. ಎಷ್ಟು ತಿರುಗಿಸಬೇಕು ಎಂಬುದಕ್ಕೆ ಅಳತೆ ಬೇಕಲ್ಲ? ಅಳತೆ ಅವ್ವ. ಅವಳು ಹಿಟ್ಟಿನ ಪರಾತದ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಹೇಳುವಳು.

“ಈಗ?”

“ಇನ್ನೊಂಚೂರು ತಿರುವು. ನನ್ನ ಕೈ ಮುಂದ ಹೊಂಟೈತಿ, ಅವರು ಹಿಂದ ಉಳಿದಾರ.”

“ಈಗ ಅವ್ವಾ?”

“ಇನ್ನೂ ಒಂಚೂರು… ಹಾಂ! ಈಗ ಎಚ್ಚರಾದ್ರು ನೋಡು.”

ಸರಿಯಾದ ಜಾಗಕ್ಕಿಂತ ಆ ಸ್ಕ್ರೂ ಅರ್ಧ ಸುತ್ತು ಮುಂದೆ ಹೋಗಿತ್ತು. ದಾಸರ ಪದ ಅವ್ವನ ರೊಟ್ಟಿಯ ತಾಳಕ್ಕೆ ಸರಿಯಾಗಿ ಕೂತಿತು. ಅಪ್ಪನಿಗೆ ಬಸ್ಸು ತಪ್ಪುವುದು ನಿಂತಿತು. ಮನೆಯಲ್ಲಿ ನನ್ನ ಮರ್ಯಾದೆ ಹೆಚ್ಚಿತು. ಸ್ವಲ್ಪ ದಿನಕ್ಕೆ ಸಿಕ್ಕಾಗ ಹೊಸ ಬೆಲ್ಟನ್ನೂ ಹಾಕಿದೆ. ಸ್ಕ್ರೂ ಹಿಂದಕ್ಕೆ ತಿರುಗಿಸುವುದು ಮಾತ್ರ ನೆನಪಾಗಲಿಲ್ಲ. ಹಾಡು ಇನ್ನಷ್ಟು ಚುರುಕಾಯಿತು. ಅವ್ವನ ಕೈಯೂ ಅದಕ್ಕೆ ಹೊಂದಿಕೊಂಡಿತು.

ಇನ್ನು ಬೇರೆ ನಾಲ್ವರ ಸುದ್ದಿಗೆ ಬರುತ್ತೇನೆ. ಇಂಗ್ಲೆಂಡಿನ ಉದ್ದ ಕೂದಲಿನ ನಾಲ್ಕು ಜನರ ಒಂದು ರಾಕ್ ಬ್ಯಾಂಡು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಫೋನು ತೆಗೆದು ಹುಡುಕುತ್ತೀರಿ, ನನ್ನ ಕಥೆ ಅಲ್ಲಿಗೇ ನಿಲ್ಲುತ್ತದೆ. ನಾವು ಅವರನ್ನು ಮೊದಲು ಕೇಳುವ ಹೊತ್ತಿಗೆ ಅವರು ಜಗಳಾಡಿ ಬೇರೆಯಾಗಿ ವರ್ಷಗಳೇ ಆಗಿದ್ದವು. ಆ ಸುದ್ದಿ ನಮಗೆ ತಲುಪಿದ್ದು ಇನ್ನೂ ತಡವಾಗಿ. ತಲುಪಿದ ದಿನ ನಾನು ಊಟ ಬಿಟ್ಟು ಮಲಗಿದೆ. ಅವ್ವ ಬಂದು ಹಣೆ ಮುಟ್ಟಿ ನೋಡಿ, ಕಾರಣ ಕೇಳಿ, “ಬ್ಯಾರಿ ಆದ್ರ ಆಗ್ಲಿ ಬಿಡು. ಅಣ್ಣತಮ್ಮಂದಿರು ಬ್ಯಾರಿ ಆಗೂದಿಲ್ಲೇನು? ಉಣ್ಣಾಕ ಏಳು,” ಎಂದಳು. ಎದ್ದು ಉಂಡೆ.

ನಮ್ಮ ಕಾಲೇಜಿನಲ್ಲಿ ನಾವೂ ನಾಲ್ವರಿದ್ದೆವು. ಗಿಟಾರಿನ ಯಾದಗಿರಿ. ಡ್ರಮ್ಮಿನ ಸಲೀಂ, ಡ್ರಮ್ಮು ಇರಲಿಲ್ಲ, ಬಿಸ್ಕಿಟ್ ಡಬ್ಬಿಗಳಿದ್ದವು. ಹಾಡುವ ಹಣಮಂತ. ಮತ್ತೆ ಏನೂ ಬಾರದ ನಾನು. ಯಾದಗಿರಿಯ ಬೊಂಬಾಯಿ ಅಣ್ಣನೊಬ್ಬ ಮದುವೆಗೆಂದು ಬಂದಾಗ ಆ ಬ್ಯಾಂಡಿನ ಅಸಲಿ ಕ್ಯಾಸೆಟ್ ತಂದಿದ್ದ. ಒಂದೇ ಒಂದು ಮಧ್ಯಾಹ್ನ ಅದನ್ನು ನಮಗೆ ಕೊಟ್ಟ. ಅಪ್ಪನ ಕಚೇರಿಯ ಒಬ್ಬರಿಂದ ಒಂದು ರೆಕಾರ್ಡರ್ ಎರವಲು ತಂದೆ. ನಮ್ಮ ಟೂ-ಇನ್-ವನ್‌ನಲ್ಲಿ ಹಾಡು ನುಡಿಸಿ, ವೈರು ಹಚ್ಚಿ, ಆ ರೆಕಾರ್ಡರಿಗೆ ಇಳಿಸಿಕೊಂಡೆ. ಅಸಲಿ ಕ್ಯಾಸೆಟ್ ಸಂಜೆಯ ರೈಲಿಗೆ ಹೊರಟುಹೋಯಿತು. ಉಳಿದದ್ದು ನನ್ನ ಪ್ರತಿ. ಆಮೇಲೆ ಸಲೀಮನ ಮಾಮಾ ಗಲ್ಫಿನಿಂದ ತಂದ ಜೋಡಿ ಡೆಕ್ಕಿನಲ್ಲಿ ಅದರಿಂದ ಹತ್ತಾರು ಪ್ರತಿ ತೆಗೆದು ಹಂಚಿದೆ. ಕಾಲೇಜಿನಲ್ಲಿ ನನಗೆ ಟೇಪ್ ಸೀನ ಎಂದು ಹೆಸರು ಬಿತ್ತು. ಹುಡುಗಿಯರೂ ಹಾಗೇ ಕರೆಯುತ್ತಿದ್ದರು. ಇನ್ನೇನು ಬೇಕಿತ್ತು?

ಈಗ ನಿಮಗೆ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ. ಊರಿನ ಯಾವ ಅಭಿಮಾನಿಯ ಹತ್ತಿರ ಆ ಬ್ಯಾಂಡಿನ ಹಾಡಿದ್ದರೂ ಅದು ನಮ್ಮ ಅಡುಗೆಮನೆಯ ವೇಗದಲ್ಲಿತ್ತು. ಹಾಡುಗಳೆಲ್ಲ ಓಡುತ್ತಿದ್ದವು, ದನಿ ಹೆಚ್ಚೂ ಕಡಿಮೆ ಒಂದು ಪೂರ್ತಿ ಸ್ವರದಷ್ಟು ಮೇಲೇರಿತ್ತು. ಯಾದಗಿರಿ ಗಿಟಾರಿನ ತಂತಿಯನ್ನು ಆ ಟೇಪಿಗೆ ಬಿಗಿದ. ಸಲೀಂ ಒಮ್ಮೆ ಬೆಳಿಗ್ಗೆ ನಮ್ಮ ಮನೆಗೆ ತಿಂಡಿಗೆ ಬಂದವನು, ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿ ತಟ್ಟೆಯ ಅಂಚಿನ ಮೇಲೆ ಬೆರಳು ಕುಣಿಸುತ್ತ, “ಅರೆ ಮಿಯಾ, ಯೇ ತೋ ಹಮಾರಾಚ್ ಬೀಟ್ ಹೈ!” ಎಂದ, ಇದು ನಮ್ಮದೇ ತಾಳವಲ್ಲ ಎಂಬಂತೆ ಬೆರಗಾಗಿ. ನಾವೆಲ್ಲ ನಕ್ಕೆವು. ಅಷ್ಟು ಹತ್ತಿರ ಬಂದಿತ್ತು ಸತ್ಯ.

ಆದರೆ ಪೆಟ್ಟು ಬಿದ್ದದ್ದು ಹಣಮಂತನಿಗೆ.

ಹಣಮಂತನ ಅಪ್ಪ ಗಾರೆ ಮೇಸ್ತ್ರಿ. ಯಾದಗಿರ ಊರ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಕಟ್ಟಡ ಏಳುವ ತನಕ ಅದರ ಬುಡದಲ್ಲೇ ತಗಡಿನ ಮನೆ, ಎದ್ದ ಮೇಲೆ ಮುಂದಿನ ಕಟ್ಟಡಕ್ಕೆ. ಹಣಮಂತನಲ್ಲಿ ಟೇಪು ಎಲ್ಲಿಯದು, ದಿನಾ ಮಧ್ಯಾಹ್ನ ಸಲೀಮನ ಮನೆಯ ಡೆಕ್ಕಿನಲ್ಲಿ ಕೇಳುವನು. ಸಂಜೆ ನಮ್ಮ ಮನೆಗೆ ಬಂದು ಹಾಡುವನು. ಅವನು ಬಾಯಿ ತೆರೆದರೆ ನಾವು ಸುಮ್ಮನಾಗುತ್ತಿದ್ದೆವು. ಅವ್ವ ಕೂಡ ಒಲೆಯ ಮುಂದಿನಿಂದ ಎದ್ದು ಬರುವಳು. “ನಿನ್ನ ದನಿ ಭಾಳ ಛಲೋ ಐತೋ ಹಣಮಂತಾ. ದೇವರ ಪದ ಹಾಡಿದ್ರ ಪುಣ್ಯಾನರ ಬರ್ತಿತ್ತು,” ಎನ್ನುವಳು. ಅವನಿಗೆ ಒಂದೇ ಒಂದು ಕಡೆ ತೊಂದರೆ. ಮೊದಲ ಬದಿಯ ಕೊನೆಯ ಹಾಡಿನಲ್ಲಿ ಆ ಬ್ಯಾಂಡಿನ ಗಾಯಕ ಒಂದು ಸ್ವರಕ್ಕೆ ಏರಿ ಅಲ್ಲೇ ನಿಲ್ಲುತ್ತಾನೆ. ಟೇಪಿನಲ್ಲಿ ಆ ಸ್ವರ ಎಲ್ಲಿತ್ತೆಂದರೆ, ಹಣಮಂತ ಕುತ್ತಿಗೆಯ ನರ ಉಬ್ಬಿಸಿ ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ಬೀಳುವನು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಅದೇ ಹಾಡು ಎಂದು ತೀರ್ಮಾನವಾಗಿತ್ತು. ಅವನು ಮೆಣಸು ತಿಂದ, ಬಿಸಿ ತುಪ್ಪ ಕುಡಿದ, ನೀರಿನೊಳಗೆ ತಲೆಯಿಟ್ಟು ಉಸಿರು ಕಟ್ಟಿದ.

ವಾರ್ಷಿಕೋತ್ಸವಕ್ಕೆ ಎಂಟು ದಿನ ಮುಂಚೆ ನಾನು ಒಂದು ನೌಕರಿಯ ಪರೀಕ್ಷೆ ಬರೆಯಲು ಪುಣೆಗೆ ಹೋದೆ. ಸ್ಟೇಷನ್ನಿನ ಹತ್ತಿರದ ಒಂದು ಚಹಾದ ಹೋಟೆಲಿನಲ್ಲಿ ಕೂತಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ರೆಕಾರ್ಡ್ ಪ್ಲೇಯರಿನಿಂದ ನಮ್ಮ ಹಾಡು ಶುರುವಾಯಿತು. ಮೈ ಜುಮ್ಮೆಂದಿತು. ಮರುಕ್ಷಣ ಕೆಡುಕೆನಿಸಿತು. ಹಾಡು ಎಳೆಯುತ್ತಿದೆ! ಪಾಪ, ಇವರ ಬೆಲ್ಟು ಸಡಿಲಾಗಿದೆ. ನಾನು ಎದ್ದು ಗಲ್ಲಾದ ಮುದುಕರ ಬಳಿ ಹೋಗಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಐದು ನಿಮಿಷ ಕೊಟ್ಟರೆ ಸರಿಮಾಡಿಕೊಡುತ್ತೇನೆ ಎಂದು ನನ್ನ ಹೈದರಾಬಾದಿ ಹಿಂದಿಯಲ್ಲಿ ಹೇಳಿದೆ.

ಮುದುಕರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಬೇಟಾ, ಹಾಥ್ ಮತ್ ಲಗಾನಾ,” ಎಂದು ಮುಟ್ಟಗೊಡಲಿಲ್ಲ. ತಾವು ಲಂಡನ್ನಿನಲ್ಲಿದ್ದಾಗ ಆ ಬ್ಯಾಂಡಿನವರನ್ನು ಎದುರಿಗೇ ಕೇಳಿದ್ದಾಗಿಯೂ, ಅವರು ಹೀಗೇ ಹಾಡಿದ್ದಾಗಿಯೂ ಹೇಳಿ, ನನ್ನ ಸಮಾಧಾನಕ್ಕೆ ರೆಕಾರ್ಡಿನ ಕವರು ಕೈಗಿಟ್ಟರು. ಹಿಂಬದಿಯಲ್ಲಿ ಪ್ರತಿ ಹಾಡಿನ ಮುಂದೆ ಅದರ ಉದ್ದ, ನಿಮಿಷ ಸೆಕೆಂಡುಗಳಲ್ಲಿ ಅಚ್ಚಾಗಿತ್ತು. ಗೋಡೆಯ ಗಡಿಯಾರ ನೋಡುತ್ತ ಕೂತೆ. ಹಾಡು ಕವರಿನಲ್ಲಿದ್ದಷ್ಟೇ ಹೊತ್ತು ನಡೆಯಿತು. ನನ್ನ ಟೇಪಿನಲ್ಲಿ ಅದು ಮುಕ್ಕಾಲು ನಿಮಿಷ ಮೊದಲೇ ಮುಗಿಯುತ್ತಿತ್ತು. ಆ ಸ್ವರ ಬಂತು. ಸಾಧಾರಣ ಎತ್ತರದ ಒಂದು ಸ್ವರ. ಹಣಮಂತ ಅದನ್ನು ಬೀಡಿ ಹಚ್ಚುತ್ತ ಹಾಡಬಲ್ಲ. ಚಹಾ ಕುಡಿಯದೆ ಎದ್ದು ಬಂದೆ.

ಊರಿಗೆ ಮರಳಿದವನು ನೇರ ಬೇಗಂಪೇಟೆಗೆ ಹೋದೆ. ಹಣಮಂತನ ಅಪ್ಪ ಅಲ್ಲಿ ಒಂದು ಕಟ್ಟಡ ಏಳಿಸುತ್ತಿದ್ದರು. ಗೋಡೆಯಿಲ್ಲದ ಮೂರನೆಯ ಅಂತಸ್ತಿನಲ್ಲಿ ದನಿ ಗುಂಯ್‌ಗುಟ್ಟುತ್ತದೆಂದು ಹಣಮಂತ ಅಲ್ಲೇ ಅಭ್ಯಾಸ ಮಾಡುತ್ತಿದ್ದ. ಹೇಳಿಬಿಡಬೇಕೆಂದೇ ಮೆಟ್ಟಿಲು ಹತ್ತಿದೆ. ಎರಡನೆಯ ಅಂತಸ್ತಿಗೆ ಬರುವಾಗ ಅವನ ದನಿ ಮೇಲೇರಿತು, ಏರಿತು, ಆ ಸ್ವರವನ್ನು ಹಿಡಿಯಿತು. ಒಂದು ಕ್ಷಣ ನಿಂತಿತು ಕೂಡ. ನಾನು ಮೇಲೆ ಹೋದಾಗ ಅವನು ಸಿಮೆಂಟಿನ ಚೀಲಗಳ ನಡುವಿನಿಂದ ಓಡಿ ಬಂದು ನನ್ನ ತೋಳು ಹಿಡಿದ.

“ಕೇಳ್ದೇನೋ ಸೀನಾ? ಬಂತು! ಕೇಳ್ದೇನು?”

“ಕೇಳ್ದೆ,” ಎಂದೆ. “ಬಂತು.”

ಅಷ್ಟೇ ಹೇಳಿ ಇಳಿದು ಬಂದೆ. ಯಾಕೆ ಹೇಳಲಿಲ್ಲ ಎಂಬುದಕ್ಕೆ ಮೂವತ್ತೆಂಟು ವರ್ಷದಲ್ಲಿ ನೂರು ಕಾರಣ ಹೊಂದಿಸಿಕೊಂಡಿದ್ದೇನೆ. ಎಂಟು ದಿನದಲ್ಲಿ ಎಲ್ಲ ಹೊಸದಾಗಿ ಕಲಿಯಲು ಆಗುತ್ತಿರಲಿಲ್ಲ, ಅವನ ಧೈರ್ಯ ಕೆಡುತ್ತಿತ್ತು, ಹೇಗೂ ಸ್ವರ ಬರುತ್ತಿತ್ತಲ್ಲ. ಎಲ್ಲ ಸುಳ್ಳು. ಹೇಳಿದ್ದರೆ ನಾನು ಟೇಪ್ ಸೀನ ಆಗಿರುತ್ತಿರಲಿಲ್ಲ. ಗಿಟಾರು ಬಾರದ, ಹಾಡು ಬಾರದ, ಟೇಪನ್ನೂ ಕೆಡಿಸಿದ ಸೀನ ಆಗಿರುತ್ತಿದ್ದೆ. ಅದಕ್ಕೆ ಹೆದರಿದೆ.

ವಾರ್ಷಿಕೋತ್ಸವದ ದಿನ ಆ ಸ್ವರಕ್ಕೆ ಬಂದಾಗ ಹಣಮಂತನ ದನಿ ಒಡೆಯಿತು. ಎಂಥ ಒಡೆತವೆಂದರೆ, ಸಭಾಂಗಣದಲ್ಲಿ ಒಂದು ನಿಮಿಷ ಯಾರಿಗೂ ಬೇರೆ ಏನೂ ಕೇಳಿಸಲಿಲ್ಲ, ನಗುವಿನ ಹೊರತು. ಯಾದಗಿರಿ ಗಿಟಾರು ನಿಲ್ಲಿಸಲಿಲ್ಲ. ಸಲೀಂ ತಲೆ ತಗ್ಗಿಸಿ ಬಾರಿಸುತ್ತಲೇ ಇದ್ದ. ಹಣಮಂತ ಮೈಕನ್ನು ನಿಧಾನಕ್ಕೆ ಅದರ ಕೋಲಿಗೆ ಸಿಕ್ಕಿಸಿ ಮೆಟ್ಟಿಲಿಳಿದು ಹೋದ. ಮರುದಿನ ನಮ್ಮ ಮನೆಗೆ ಬಂದು ತನ್ನ ಪಾಲಿನ ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟ. “ತಗೋ ಸೀನಾ. ಇದು ನನ್ನ ಕಡೆಯಿಂದ ಆಗೂ ಕೆಲಸ ಅಲ್ಲ. ಅವರ ಗಂಟಲಾ ಬ್ಯಾರೆನೇ ಐತಿ,” ಎಂದ. ಅವ್ವ ಅವನಿಗೆ ರೊಟ್ಟಿ ಹಾಕಿದಳು. ಅವನು ಉಂಡು ಹೋದ. ಆಮೇಲೆ ಅವನು ಹಾಡಿದ್ದನ್ನು ನಾವು ಯಾರೂ ಕೇಳಲಿಲ್ಲ.

ವಿಚಿತ್ರವೆಂದರೆ ಅವನು ಆ ಬ್ಯಾಂಡನ್ನು ಬಿಡಲಿಲ್ಲ. ಹಾಡುವುದನ್ನು ಬಿಟ್ಟ, ಕೇಳುವುದನ್ನು ಬಿಡಲಿಲ್ಲ. ರೈಲ್ವೆ ನೌಕರಿ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ತಿಂಗಳಿಗೊಂದು ಭಾನುವಾರ ನಾಲ್ವರೂ ಒಬ್ಬರ ಮನೆಯಲ್ಲಿ ಸೇರಿ ಆ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಪದ್ಧತಿ ಮಾತ್ರ ತಪ್ಪಲಿಲ್ಲ. ಅವ್ವ ಇರುವ ತನಕ ಅದನ್ನು ನಿಮ್ಮ ಭಜನಿ ಅನ್ನುತ್ತಿದ್ದಳು. ಭಜನೆಗೆ ಎರಡು ನಿಯಮ. ಒಂದು, ಒಂದು ಬದಿ ಮುಗಿಯುವ ತನಕ ಯಾರೂ ತುಟಿ ಬಿಚ್ಚಬಾರದು. ಎರಡು, ಟೇಪಿನಲ್ಲಿ ಮಾತ್ರ ಕೇಳಬೇಕು. ಎರಡನೆಯ ನಿಯಮ ತಂದವನು ನಾನು. ಶುದ್ಧತೆಯ ಹೆಸರಿನಲ್ಲಿ ತಂದೆ.

ಆದರೂ ಕಾಲ ಸುಮ್ಮನಿರುತ್ತದೆಯೇ? ಸಿಡಿ ಬಂತು, ಫೋನು ಬಂತು. ಒಂದು ದಿನ ಯಾದಗಿರಿ ಮುಖ ಸಣ್ಣದು ಮಾಡಿಕೊಂಡು, ಫೋನಿನಲ್ಲಿ ಹಾಡು ಬೇರೆ ಥರ ಇದೆ, ನಿಧಾನ ಇದೆ ಎಂದ. ನನ್ನ ಬಾಯಿ ತಡಮಾಡಲಿಲ್ಲ. “ಅದು ಆಮೇಲೆ ಕಂಪನಿಯವರು ನಿಧಾನ ಮಾಡಿ ಬಿಟ್ಟದ್ದಪ್ಪ. ನಮ್ಮ ಹತ್ರ ಇರೋದು ಮೊದಲನೇ ಆವೃತ್ತಿ,” ಎಂದೆ. ಅಭಿಮಾನಿಗಳಿಗೆ ಇಂಥ ಮಾತು ಒಂದು ಸಿಕ್ಕರೆ ಸಾಕು. ಯಾದಗಿರಿಯ ಕಣ್ಣು ಅರಳಿತು. ಹೈದರಾಬಾದಿನಲ್ಲಿರುವುದೇ ನಿಜವಾದ ಹಾಡು ಎಂದು ಅವನು ಇಂಟರ್ನೆಟ್ಟಿನಲ್ಲಿ ಉದ್ದನೆಯ ಲೇಖನ ಬರೆದ. ಎಲ್ಲೆಲ್ಲಿಯವರೋ ಜಗಳಕ್ಕೆ ಬಂದರು. ಬ್ರೆಜಿಲ್ಲಿನವನೊಬ್ಬ, ಬರಲು ಅನುಮತಿ ಕೊಡಿ, ಒಂದು ಸಲ ಕೇಳಿ ಹೋಗುತ್ತೇನೆ ಎಂದು ಬರೆದ. ಹಣಮಂತ ಎಲ್ಲರಿಗೂ ಹೇಳುತ್ತಿದ್ದ, “ನಮ್ಮ ಸೀನ ಉಳಿಸಿಕೊಟ್ಟಿದ್ದು.”

ಹೋದ ವರ್ಷ ಒಂದು ಸೋಮವಾರ ಹಣಮಂತನ ಫೋನು ಬಂತು. ಸಿಕಂದರಾಬಾದಿನಲ್ಲಿ ಒಂದು ಹಳೆಯ ಬಂಗಲೆ ಖಾಲಿ ಮಾಡುವಾಗ ಆ ಬ್ಯಾಂಡಿನ ರೆಕಾರ್ಡ್ ಸಿಕ್ಕಿದೆಯಂತೆ. ಮೊಟ್ಟಮೊದಲ ಆವೃತ್ತಿ, ಕವರಿನ ಮೇಲೆ ಅಚ್ಚಾಗಿದೆಯಂತೆ. ನಿವೃತ್ತಿಯಾದಾಗ ಗೆಳೆಯರು ಕೊಟ್ಟ ಹೊಸ ರೆಕಾರ್ಡ್ ಪ್ಲೇಯರ್ ಹೇಗೂ ಇದೆ. “ಇನ್ನೂ ಕೇಳಿಲ್ಲ ನಾ. ಎಲ್ಲಾರೂ ಕೂಡೇ ಕೇಳೋಣು. ನೀ ಹೇಳಿದ್ದು ಖರೇ ಅಂತ ಆ ಬ್ರೆಜಿಲ್ಲಿನವಗೂ ತೋರಸೋಣು. ಭಾನುವಾರ ಹತ್ತಕ್ಕ ಬಾ,” ಎಂದ. ಅವನ ದನಿಯಲ್ಲಿದ್ದ ಸಂತೋಷ ಕೇಳಿ ನಾನು ನೆಲದ ಮೇಲೆ ಕೂತೆ.

ಆ ಆರು ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಜ್ವರ ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಶುಕ್ರವಾರ ಒಂದು ಉಪಾಯ ಹೊಳೆಯಿತು. ಹೊಸ ರೆಕಾರ್ಡ್ ಪ್ಲೇಯರುಗಳ ತಳದಲ್ಲೂ ವೇಗದ ಸ್ಕ್ರೂ ಇರುತ್ತದೆ. ಒಂದು ರಬ್ಬರಿನ ಬಿರಡೆ ಕಿತ್ತರೆ ಸಿಗುತ್ತದೆ. ಅರ್ಧ ಸುತ್ತು. ಅಷ್ಟೇ.

ಭಾನುವಾರ ಒಂಬತ್ತಕ್ಕೇ ಹೋದೆ. ಹಣಮಂತನ ಫ್ಲ್ಯಾಟು ಬೇಗಂಪೇಟೆ ಸ್ಟೇಷನ್ನಿನ ಹಿಂದೆ, ಅವನ ಅಪ್ಪ ಕಟ್ಟಿದ ಆ ಕಟ್ಟಡದಿಂದ ಎರಡು ಗಲ್ಲಿ ಆಚೆ. ಅವನು ಸ್ನಾನಕ್ಕೆ ಹೋಗಿದ್ದ. ಅವನ ಹೆಂಡತಿ ಶಾರದಾ ವೈನಿ ಬಾಗಿಲು ತೆರೆದು, ಮಿರ್ಚಿ ಬಜ್ಜಿಗೆ ಹಿಟ್ಟು ಕಲಸಬೇಕೆಂದು ಒಳಗೆ ಹೋದರು. ಹಾಲಿನಲ್ಲಿ ನಾನೊಬ್ಬನೇ. ಮೇಜಿನ ಮೇಲೆ ಪ್ಲೇಯರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ. ಪ್ಲೇಯರಿನ ಒಂದು ಮಗ್ಗುಲು ಎತ್ತಿ ತಳ ತಡವಿದೆ. ಬಿರಡೆ ಸಿಕ್ಕಿತು. ಕಿತ್ತೆ. ತುದಿಯನ್ನು ತೂತಿನೊಳಗೆ ಬಿಟ್ಟೆ. ಸ್ಕ್ರೂವಿನ ತಲೆಯ ಸೀಳಿಗೆ ಅದು ಸರಿಯಾಗಿ ಕೂತದ್ದು ಬೆರಳಿಗೆ ತಿಳಿಯಿತು. ಒಳಗೆ ಸ್ನಾನದ ನೀರು ಬೀಳುವ ಸದ್ದು.

“ಹೌದು ಶ್ರೀನಿವಾಸರಾವ್,” ವೈನಿ ಅಡುಗೆಮನೆಯಿಂದಲೇ ಕೂಗಿ ಕೇಳಿದರು, “ಇವರು ಮೊದಲ ಹಾಡ್ತಿದ್ರಂತ, ಖರೇನೇನ್ರಿ?”

ನನ್ನ ಕೈ ನಿಂತಿತು. “ಹಾಡ್ತಿದ್ದ ವೈನಿ.”

“ಯಾದಗಿರಿಯವರೂ ಹಂಗ ಅಂತಾರ. ನಾ ನಂಬಿಲ್ರಿ. ಮೂವತ್ತೊಂದು ವರ್ಷ ಆತು, ಒಂದು ಸಾಲು ಕೇಳಿಲ್ಲ ನಾ. ಮಗಳು ಸಣ್ಣಾಕಿದ್ದಾಗ ತೊಟ್ಟಿಲಾ ತೂಗ್ತಿದ್ರು, ಹಾಡ್ರಿ ಅಂದ್ರ ಎದ್ದು ಹೋಗ್ತಿದ್ರು. ಎಲ್ಲಾ ಜೋಗುಳಾ ನಂದೇ.” ಅವರು ನಕ್ಕರು. ಎಣ್ಣೆಗೆ ಹಿಟ್ಟು ಬಿಟ್ಟ ಚುಂಯ್ ಸದ್ದು ಕೇಳಿತು.

ಆಗಲೇ ಕರೆಗಂಟೆ ಬಾರಿಸಿತು. ಯಾದಗಿರಿ ಮತ್ತು ಸಲೀಂ ಬಂದಿದ್ದರು. ಬಿರಡೆ ಒತ್ತಿ, ಪ್ಲೇಯರು ನೆಟ್ಟಗೆ ಮಾಡಿ, ಬಾಗಿಲು ತೆರೆಯಲು ಹೋದೆ. ಸ್ಕ್ರೂ ತಿರುಗಿಸಿರಲಿಲ್ಲ. ಮನಸ್ಸು ಮೊದಲು ಬದಲಾಯಿತೋ ಗಂಟೆ ಮೊದಲು ಬಾರಿಸಿತೋ, ಪ್ರಾಮಾಣಿಕವಾಗಿ ಹೇಳಲಾರೆ.

ಹತ್ತಕ್ಕೆ ಸರಿಯಾಗಿ ಹಣಮಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮುಳ್ಳನ್ನು ರೆಕಾರ್ಡಿನ ಮೇಲಿಟ್ಟ. ನಿಯಮ ಜಾರಿಗೆ ಬಂತು. ಇನ್ನು ಬದಿ ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ.

ಮೊದಲ ಹಾಡು ಶುರುವಾಯಿತು, ಮತ್ತು ಎರಡೇ ಕ್ಷಣದಲ್ಲಿ ಎಲ್ಲರಿಗೂ ತಿಳಿಯಿತು. ಸಲೀಮನ ಬೆರಳುಗಳು ಮೊಣಕಾಲಿನ ಮೇಲೆ ಹಾಡಿಗಿಂತ ಮುಂದೆ ಓಡಿ, ಕಾದು, ಮತ್ತೆ ಓಡಿ, ಸುಮ್ಮನಾದವು. ಯಾದಗಿರಿ ಹುಬ್ಬೇರಿಸಿ ನನ್ನ ಕಡೆ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಒಂದು ರೈಲು ಹೋಯಿತು. ಎರಡನೆಯ ಹಾಡು. ಮೂರನೆಯದು. ಯಾರೂ ಬಾಯಿ ಬಿಡುವಂತಿಲ್ಲ. ನನ್ನ ಅಂಗಿಯ ಬೆನ್ನು ಒದ್ದೆಯಾಗಿ ಕುರ್ಚಿಗೆ ಅಂಟಿತ್ತು. ಇಪ್ಪತ್ತು ನಿಮಿಷ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಣಮಂತ ಕಣ್ಣು ಮುಚ್ಚಿದ್ದ. ಅವನ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಕೊನೆಯ ಹಾಡು. ಆ ಸಾಲು ಹತ್ತಿರ ಬಂತು. ಪ್ರತಿ ಸಲ ಆ ಜಾಗಕ್ಕೆ ಹಣಮಂತ ಕೆಮ್ಮುತ್ತಾನೆ. ಮೂವತ್ತೆಂಟು ವರ್ಷದ ಅಭ್ಯಾಸ. ಕೆಮ್ಮಲೆಂದೇ ಅವನು ಬಾಯಿ ತೆರೆದನೋ ಏನೋ. ಗಾಯಕ ಏರಿದ, ಆ ಸ್ವರದಲ್ಲಿ ನಿಂತ, ಅವನ ದನಿಯ ಜೊತೆ ಇನ್ನೊಂದು ದನಿ ಬಂತು. ಮೆಲ್ಲಗೆ, ಆದರೆ ಪೂರ್ತಿ. ಹಣಮಂತ ಕಣ್ಣು ಬಿಟ್ಟು ತನ್ನ ಗಂಟಲನ್ನು ಕೈಯಿಂದ ಮುಟ್ಟಿಕೊಂಡ.

ಬದಿ ಮುಗಿದದ್ದೇ ಗದ್ದಲ.

“ಮಷೀನ್ ಸ್ಲೋ ಹೈ ಮಿಯಾ!” ಎಂದು ಸಲೀಂ ಎದ್ದ.

“ಅವುನ್ರಾ, ಬೆಲ್ಟು ಲೂಸೈಂದಿ,” ಎಂದು ಯಾದಗಿರಿ. “ಏಯ್ ಸೀನಾ, ನೀ ಸ್ಕ್ರೂಡ್ರೈವರ್ ತೀಯಿ! ಜೇಬುಲೋನೇ ಉಂದಿ ಕದಾ?”

ಇಬ್ಬರೂ ನನ್ನ ಮುಂದೆ ನಿಂತರು. ಜೇಬಿನಲ್ಲಿ ಅದು ಇತ್ತು. ಅವರೇ ಮಾಡು ಅನ್ನುತ್ತಿದ್ದಾರೆ. ಸುತ್ತ ಜನ ನಿಂತು ನೋಡುತ್ತಿದ್ದಾರೆ, ನಾನು ಸಣ್ಣವನಿದ್ದಾಗ ಬಯಸಿದ್ದು ಇದನ್ನೇ. ಕೈ ಜೇಬಿಗೆ ಹೋಯಿತು, ಹಿಡಿ ಮುಟ್ಟಿತು.

“ಮಷಿನ್ ಸರಿ ಐತಿ,” ಎಂದೆ. “ನನ್ನ ಟೇಪ್ ತಪ್ಪು.”

ಅವ್ವ, ರೊಟ್ಟಿ, ಸ್ಕ್ರೂ, ಪುಣೆ, ಎಲ್ಲ ಹೇಳಿದೆ. ಹಿಂದು ಮುಂದಾಗಿ, ತೊದಲಿ ಹೇಳಿದೆ. ಮುಗಿದಾಗ ಯಾದಗಿರಿ, “ಮರಿ ನಾ ಆರ್ಟಿಕಲ್ ಸಂಗತೇಂದಿ ರಾ?” ಎಂದು ತನ್ನ ಲೇಖನದ ಗತಿ ಕೇಳಿದ. ಯಾರೂ ನಗಲಿಲ್ಲ.

ಹಣಮಂತ ಕೂತಲ್ಲಿಂದಲೇ ಕೇಳಿದ. “ನಿನಗ ಪುಣೆದಾಗ ಗೊತ್ತಾತು.”

“ಹೂಂ.”

“ಪ್ರೋಗ್ರಾಮಿನ ಮೊದಲ.”

“ಎಂಟು ದಿನ ಮೊದಲ.”

“ಆಮ್ಯಾಲ ನಮ್ಮಪ್ಪನ ಬಿಲ್ಡಿಂಗಿಗೆ ಬಂದಿದ್ದಿ. ಮ್ಯಾಲ ಹತ್ತಿ ಬಂದಿದ್ದಿ. ಬಂತು ಅಂದಿದ್ದಿ.”

“ಹೂಂ.”

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು! ಎದ್ದು ಬಂದು ನನ್ನೆದುರು ಅಂಗೈ ಚಾಚಿದ. ನಾನು ಸ್ಕ್ರೂಡ್ರೈವರನ್ನು ಅದರ ಮೇಲಿಟ್ಟೆ. ಅದನ್ನು ತಿರುಗಿಸಿ ನೋಡಿ, ತನ್ನ ಇಸ್ತ್ರಿ ಅಂಗಿಯ ಜೇಬಿಗೆ ಹಾಕಿಕೊಂಡ. “ಇನ್ನ ಇದು ನನ್ನ ಕಡೆ ಇರ್ಲಿ,” ಎಂದ. ಆಮೇಲೆ ಮೇಜಿನ ಬಳಿ ಹೋಗಿ, ಬಗ್ಗಿ, ಮುಳ್ಳನ್ನು ಕೊನೆಯ ಹಾಡಿನ ಗೆರೆಗೆ ಇಟ್ಟ. “ಕೂಡ್ರಿ ಎಲ್ಲಾರೂ.”

ಕೂತೆವು. ಅವನು ನಿಂತೇ ಹಾಡಿದ.

ಮೊದಲ ಸಾಲು ಗೊಗ್ಗರು, ಎರಡನೆಯದರಲ್ಲಿ ಉಸಿರು ಸಾಲಲಿಲ್ಲ. ಮೂರನೆಯ ಸಾಲಿಗೆ ಆ ಹಳೆಯ ದನಿ ಬಂತು. ವಯಸ್ಸಾಗಿತ್ತು, ದಪ್ಪವಾಗಿತ್ತು, ಆದರೆ ಅದೇ. ಆ ಸ್ವರ ಬಂದಾಗ ಅವನು ಕುತ್ತಿಗೆ ಉಬ್ಬಿಸಲಿಲ್ಲ. ಸುಮ್ಮನೆ ಬಾಯಿ ತೆರೆದ, ಅದು ಅಲ್ಲಿತ್ತು. ಸಲೀಂ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡ. ನಾನು ಅತ್ತೆ. ಅದನ್ನು ಮುಚ್ಚಿಡುವುದೇನಿದೆ.

ಅಡುಗೆಮನೆಯ ಬಾಗಿಲಲ್ಲಿ ಶಾರದಾ ವೈನಿ ಬಂದು ನಿಂತಿದ್ದರು. ಕೈಯಲ್ಲಿ ಜಾಲರಿ ಸೌಟು, ಅದರಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹಾಡು ಮುಗಿಯಿತು. ಮುಳ್ಳು ಸವರಿಕೊಂಡು ಒಳಗೆ ಹೋಗಿ ನಿಂತಿತು. ಅವರು ಗಂಡನನ್ನೇ ನೋಡುತ್ತಿದ್ದರು. ಹಿಂದೆ ಬಾಣಲೆಯಲ್ಲಿ ಬಜ್ಜಿ ಸೀಯುವ ವಾಸನೆ ಬರುತ್ತಿತ್ತು, ಅವರಿಗೆ ಅದು ತಿಳಿದಂತಿರಲಿಲ್ಲ.

“ಇಷ್ಟು ವರ್ಷ ಎಲ್ಲಿಟ್ಟಿದ್ರಿ ಇದನ್ನ?” ಎಂದರು.

ಹಣಮಂತ ತಿರುಗಿ ನನ್ನ ಕಡೆ ನೋಡಿದ. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಲ್ಲಿ ಪೆನ್ನು ಮಾತ್ರ ಇತ್ತು.